ಹೇರಿದಷ್ಟು ದಾರಿ

ನಮ್ಮೂರಿನಿಂದ ತೆಂಕಣ ಪೇಟೆಗೆ ಹೋಗುವ ರಸ್ತೆ ಹೇರಿದಷ್ಟೂ ಉದ್ದವಾಗುತ್ತಿತ್ತು. ಕೈಬೀಸಿಕೊಂಡು ಹೊರಟವರು ಬೆಳಗ್ಗೆ ಗಂಜಿ ಉಂಡು ನಡೆದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತಿದ್ದರು. ತಲೆಯ ಮೇಲೊಂದು ಅಕ್ಕಿಮೂಟೆ ಇದ್ದರೆ ಅದೇ ದಾರಿಗೆ ಎರಡು ದಿನ ಬೇಕು. ಹಂಚು ತುಂಬಿದ ಲಾರಿಗೆ ಹತ್ತಿರ ಹತ್ತಿರ ಒಂದು ವಾರ. ಇಳಿಸಿ ಖಾಲಿಯಾಗಿ ತಿರುಗಿದರೆ ಒಂದು ಸಿನಿಮಾ ಹಾಡಿನ ಕ್ಯಾಸೆಟ್ಟು ಮುಗಿಯುವುದರೊಳಗೆ ಮನೆ ಬಂದುಬಿಡುತ್ತಿತ್ತು.

ನಾನು ಪ್ರಭುಗಳ ಹಂಚಿನ ಕಾರ್ಖಾನೆಯಲ್ಲಿ ಲಾರಿ ಡ್ರೈವರ್ ಆಗಿದ್ದೆ. ಮೀಸೆ ಮೂಡುವ ಕಾಲಕ್ಕೆ ಹಿಡಿದ ಸ್ಟೇರಿಂಗು, ಮೀಸೆ ಬೆಳ್ಳಗಾದರೂ ಬಿಟ್ಟಿರಲಿಲ್ಲ. ಸ್ಪೀಡಿನ ಮುಳ್ಳು ಐವತ್ತರ ಮೇಲೆ ನಿಂತಿರುತ್ತಿತ್ತು, ಟಯರು ತಿರುಗುತ್ತಿತ್ತು, ಡೀಸೆಲ್ ಸುಡುತ್ತಿತ್ತು, ಆದರೂ ಎಡಗಡೆಯ ಗೇರುಗುಡ್ಡ ಅರ್ಧ ದಿನ ಎಡಗಡೆಯಲ್ಲೇ ಇರುತ್ತಿತ್ತು. ಒಂದು ಶಾಲೆ ಇತ್ತು. ಅದರ ಅಂಗಳದ ಮೂಲೆ ಕಾಣುವಾಗ ಮಕ್ಕಳು ಪ್ರಾರ್ಥನೆ ಹೇಳುತ್ತಿದ್ದರೆ, ನಾನು ಗೇಟು ದಾಟುವಾಗ ಅವರು ಚೀಲ ಹಾಕಿಕೊಂಡು ಮನೆಗೆ ಹೊರಟಿರುತ್ತಿದ್ದರು. ಕೆಲವರು ಕೈ ಬೀಸುತ್ತಿದ್ದರು. ಮೊದಮೊದಲು ನಾನೂ ಬೀಸುತ್ತಿದ್ದೆ. ಆಮೇಲೆ ಕೈ ಎತ್ತುವುದೂ ಒಂದು ಕೆಲಸ ಅನ್ನಿಸತೊಡಗಿತು.

ಊರಿನವರು ಈ ರಸ್ತೆಗೆ ಒಗ್ಗಿಹೋಗಿದ್ದರು. ಬಸ್ಸಿನ ಕಂಡಕ್ಟರು ಟಿಕೇಟಿಗಿಂತ ಮೊದಲು ಕೈಚೀಲ ತೆರೆದು ನೋಡುತ್ತಿದ್ದ. ಮದುವೆ ದಿಬ್ಬಣಗಳು ಉಟ್ಟ ಬಟ್ಟೆಯಲ್ಲಿ ಹೋಗಿ, ಜರಿಸೀರೆಗಳನ್ನು ತೆಂಕಣ ಪೇಟೆಯಲ್ಲಿ ಬಾಡಿಗೆಗೆ ತಂದು ಉಡುತ್ತಿದ್ದವು. ಬಸುರಿಯರು ಹತ್ತಿದರೆ ಉಳಿದ ಪ್ರಯಾಣಿಕರ ಮುಖ ಸಣ್ಣದಾಗುತ್ತಿತ್ತು. ರಸ್ತೆ ಮನುಷ್ಯರ ಮೈಯ ಭಾರವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಆದರೆ ಹೊಟ್ಟೆಯೊಳಗಿನದನ್ನು ಬಿಡುತ್ತಿರಲಿಲ್ಲ. ಸೀಟು ಬಿಟ್ಟುಕೊಡುವಾಗಲೂ ಒಬ್ಬರಲ್ಲ ಒಬ್ಬರು, "ಇನ್ನು ನಾವು ಸಂಜೆಗೆ ಮುಟ್ಟಿದ ಹಾಗೇ" ಎಂದು ಗೊಣಗುತ್ತಿದ್ದರು.

ಭಾರ ಹೇರಿಕೊಂಡು ಹೋಗುವವರಿಗೆ ಮಾತ್ರ ಕಾಣುವ ಕೆಲವು ಜಾಗಗಳಿದ್ದವು. ಅದರಲ್ಲಿ ದೊಡ್ಡದು ನಡುದಾರಿ. ಹಂಚಿನ ಲೋಡಿಗೆ ಮೂರನೆಯ ದಿನ ಸಿಗುತ್ತಿತ್ತು. ಒಂದಷ್ಟು ಮನೆ, ಒಂದು ಬಾವಿ, ಒಂದು ಪಂಕ್ಚರ್ ಅಂಗಡಿ, ಅಪ್ಪಿಯಕ್ಕನ ಹೋಟೆಲು. ಖಾಲಿ ಬರುವಾಗ ಎಷ್ಟು ಕಣ್ಣು ಕೀಲಿಸಿಕೊಂಡು ನೋಡಿದರೂ ಹಳ್ಳ ದಾಟುವ ಸಂಕ ಮುಗಿದು ಸೀದಾ ಶಾಲೆ ಬರುತ್ತಿತ್ತು. ನಡುವೆ ಮನೆಯೂ ಇಲ್ಲ, ಬಾವಿಯೂ ಇಲ್ಲ.

ಅಪ್ಪಿಯಕ್ಕ ಗಂಡ ಸತ್ತ ಮೇಲೆ ಆ ಹೋಟೆಲು ನಡೆಸುತ್ತಿದ್ದಳು. ಹಿಟ್ಟು ಕಡೆಯುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು, ಕಡೆಯುತ್ತಲೇ ದುಡ್ಡು ತೆಗೆದುಕೊಂಡು, ಕಡೆಯುತ್ತಲೇ ಬೈಯುತ್ತಿದ್ದಳು. ಅವಳ ಮಗ ಉಮಾನಾಥನದೇ ಪಂಕ್ಚರ್ ಅಂಗಡಿ. ಮಾತು ಕಮ್ಮಿ, ಕೆಲಸ ಶುದ್ಧ. ನನ್ನ ಒಬ್ಬಳೇ ಮಗಳು ಪ್ರೇಮಳನ್ನು ಅವನಿಗೇ ಕೊಟ್ಟೆ. ಹೆಂಡತಿ ಗಿರಿಜೆ ಆಗ ಬಹಳ ಜಗಳ ಮಾಡಿದ್ದಳು.

"ನಿಮಗಾದ್ರೆ ಲೋಡು ಹೋದಾಗೆಲ್ಲ ಮಗಳು ಕಾಣ್ತಾಳೆ. ನಾನೆಂತ, ತಲೆ ಮೇಲೆ ಹಂಚು ಹೊತ್ಕೊಂಡು ಹೋಗ್ಬೇಕಾ?"

"ನಿನ್ನನ್ನೂ ಲಾರಿಯಲ್ಲಿ ಕೂರಿಸ್ಕೊಂಡು ಹೋಗ್ತೇನಲ್ಲ ಮಾರಾಯ್ತಿ."

ಹಾಗೇ ನಡೆದಿತ್ತು ಕೂಡ. ಪ್ರತಿ ಲೋಡಿನಲ್ಲೂ ನಾನು ಮಗಳ ಮನೆಯಲ್ಲಿ ಒಂದು ಹೊತ್ತು ಉಂಡು, ಬೆನ್ನಿಗೆ ಎಣ್ಣೆ ಹಚ್ಚಿಸಿಕೊಂಡು ಮುಂದೆ ಹೋಗುತ್ತಿದ್ದೆ. ಹಬ್ಬಗಳಿಗೆ ಗಿರಿಜೆಯೂ ಬರುತ್ತಿದ್ದಳು.

ಆಮೇಲೆ ಹಡಗು ಬಂತು.

ಪ್ರಭುಗಳು ನಮ್ಮನ್ನೆಲ್ಲ ಕಾರ್ಖಾನೆಯ ಅಂಗಳಕ್ಕೆ ಕರೆಸಿ, ತಾವೇ ಎದುರು ನಿಂತು ಹೇಳಿದರು. "ನೋಡಿ, ನನಗೆ ಯಾರ ಮೇಲೂ ಸಿಟ್ಟಿಲ್ಲ. ಆದ್ರೆ ಎಷ್ಟು ಕಾಲ ಅಂತ ಈ ರಸ್ತೆಗೆ ಡೀಸೆಲ್ ಕುಡಿಸುದು? ಸಮುದ್ರಕ್ಕೆ ಭಾರ ಗೊತ್ತಾಗುದಿಲ್ಲ. ಬೆಳಗ್ಗೆ ಬಿಟ್ರೆ ಸಂಜೆಗೆ ಅಲ್ಲಿ. ಹತ್ತು ಲಾರಿ ಲೋಡು ಒಂದೇ ಹಡಗಿಗೆ."

ನಂಬಿಕೆ ಬರಲಿಲ್ಲ. ಮರುದಿನವೇ ಹಳೆಯ ದಕ್ಕೆಗೆ ಒಂದು ಅಗಲ ಹೊಟ್ಟೆಯ, ತುಕ್ಕು ಹಿಡಿದ ಸಣ್ಣ ಹಡಗು ಬಂದು ನಿಂತಿತು. ನಡೆಸುವವನು ಉಸ್ಮಾನ್ ತಾಂಡೇಲ, ಗಡ್ಡಕ್ಕೆ ಮದರಂಗಿ ಹಚ್ಚಿದ ಮುದುಕ. ಬೈಹುಲ್ಲಿನ ನಡುವೆ ಹಂಚು ಜೋಡಿಸಿದರು. ಹಡಗು ಒಂದು ಗೇಣು ತಗ್ಗಿತು, ಅಷ್ಟೆ. ಬೆಳಗ್ಗೆ ಹೋದದ್ದು ಮರುದಿನ ಸಂಜೆಗೆ ಉಪ್ಪು, ಹಿಂಡಿ ತುಂಬಿಕೊಂಡು ತಿರುಗಿ ಬಂತು. ಹಂಚು ಒಡೆದದ್ದೂ ಕಮ್ಮಿಯಂತೆ.

ಡ್ರೈವರುಗಳೆಲ್ಲ ಸೇರಿ ದಕ್ಕೆಗೆ ಅಡ್ಡ ಕೂರುವುದೆಂದು ತೀರ್ಮಾನ ಮಾಡಿದೆವು. ಕೂತದ್ದೂ ನಿಜ. ಗೋದಾಮಿನ ನೆರಳು ಇತ್ತು, ನೀರಿನ ಮೇಲಿನಿಂದ ಗಾಳಿ ಬರುತ್ತಿತ್ತು. ಘೋಷಣೆ ಕೂಗಬೇಕಾದ ಲಾರೆನ್ಸ್ ಮೊದಲು ಗೋಡೆಗೆ ಒರಗಿದ. ಅವನ ಪಕ್ಕದವನು ಟವಲು ಹಾಸಿದ. ಎಷ್ಟೋ ವರ್ಷಗಳ ನಿದ್ದೆ ನಮ್ಮ ಮೈಯಲ್ಲಿ ಬಾಕಿ ಇತ್ತು. ನಮಗೆ ಎಚ್ಚರವಾದಾಗ ಹಡಗು ಲೋಡಾಗಿ ಹೋಗಿತ್ತು. ಕೂಲಿಯವರು ನಮ್ಮನ್ನು ಎಬ್ಬಿಸದೆ, ಕಾಲು ದಾಟಿಕೊಂಡು ಹಂಚು ಹೊತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡದೆ ಮನೆಗೆ ಹೋದೆವು. ಮತ್ತೆ ಕೂರುವ ಮಾತು ಬರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಗುರವಾಗಿತ್ತು. ಪ್ರಭುಗಳು ನನಗೆ ಹಡಗಿನಲ್ಲೇ ಕೆಲಸ ಕೊಡುತ್ತೇನೆ ಎಂದಿದ್ದರು. ಅರ್ಧ ದಿನ ಗೇರುಗುಡ್ಡ ನೋಡುವುದು ತಪ್ಪಿತಲ್ಲ ಎಂದು ಗಿರಿಜೆಯ ಹತ್ತಿರ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಪ್ರೇಮನ್ನ ಇನ್ನು ಹೇಗೆ ನೋಡುದು?"

ಅಷ್ಟು ದಿನ ಆ ಮಾತು ನನ್ನ ತಲೆಗೆ ಬಂದೇ ಇರಲಿಲ್ಲ ಎನ್ನುವಂತಿಲ್ಲ. ಬಂದಾಗೆಲ್ಲ ಮುಂದೆ ನೋಡೋಣ ಎಂದು ಬದಿಗೆ ಸರಿಸಿದ್ದೆ. ಪ್ರೇಮ ಆಗ ಬಸುರಿ. ತಿಂಗಳು ತುಂಬುತ್ತಾ ಬಂದಿತ್ತು.

ಕೊನೆಯ ಲೋಡು ಇಳಿಸಿ ಬಂದ ಲಾರೆನ್ಸ್ ಸುದ್ದಿ ತಂದ. ನಡುದಾರಿಯ ಮನೆಗಳವರು ಒಬ್ಬೊಬ್ಬರಾಗಿ ಸಿಕ್ಕಿದ ಲಾರಿ ಹತ್ತಿ ಜಾಗ ಬಿಟ್ಟಿದ್ದಾರೆ. "ನಿನ್ನ ಮಗಳ ಮನೆಯವರು ಮಾತ್ರ ಇರುದು ವಾಮನ. ಅಪ್ಪಿಯಕ್ಕ ಏಳುದಿಲ್ಲ ಅಂತ ಹಟ. ಅವಳನ್ನು ಬಿಟ್ಟು ಅವ ಬರುದಿಲ್ಲ, ಅವನನ್ನು ಬಿಟ್ಟು ನಿನ್ನ ಮಗಳು ಬರುದಿಲ್ಲ."

ಪ್ರಭುಗಳ ಲಾರಿಗಳೆಲ್ಲ ಘಟ್ಟದ ಮೇಲಿನ ಒಬ್ಬ ವ್ಯಾಪಾರಿಗೆ ಮಾರಾಟವಾಗಿದ್ದವು. ಉಳಿದದ್ದು ನನ್ನದೊಂದೇ. ಅದನ್ನೂ ಆ ವಾರ ಒಯ್ಯುವವರಿದ್ದರು. ನಾನು ಹೋಗಿ ನಿಂತೆ. ಮಗಳ ವಿಷಯ ಕೇಳಿ ಪ್ರಭುಗಳು ಲೆಕ್ಕದ ಪುಸ್ತಕ ಮುಚ್ಚಿದರು.

"ಖಾಲಿ ಹೋದ್ರೆ ಸಿಕ್ಲಿಕ್ಕಿಲ್ಲ ಅಲ್ವಾ?"

"ಇಲ್ಲ."

"ಹಿಂದೆ ಒಡಕು ಹಂಚಿನ ರಾಶಿ ಉಂಟು. ಹೇರಿಕೊಂಡು ಹೋಗು. ಗಿರಾಕಿಗೆ ನಾನು ಎಂತಾದ್ರೂ ಹೇಳ್ತೇನೆ."

ಯಾರಿಗೂ ಬೇಡದ ಒಡಕು ಹಂಚು ತುಂಬಿಕೊಂಡು ನಾನೂ ಗಿರಿಜೆಯೂ ಹೊರಟೆವು. ರಸ್ತೆಗೆ ಒಡಕೂ ಒಂದೇ, ಹೊಸತೂ ಒಂದೇ. ಗೇರುಗುಡ್ಡ ಅರ್ಧ ದಿನ ನಿಂತಿತು. ಶಾಲೆಯ ಅಂಗಳ ನಿಂತಿತು. ಎದುರಿನಿಂದ ಒಂದು ಲೋಡೂ ಬರಲಿಲ್ಲ. ದಾರಿಯ ಬದಿಯ ಚಹಾದಂಗಡಿಗಳಿಗೆ ತಟ್ಟಿ ಕಟ್ಟಿದ್ದರು. ಒಂದರ ಮುಂದೆ ನಾಯಿಯೊಂದು ನಮ್ಮ ಲಾರಿಯ ಸದ್ದಿಗೆ ಎದ್ದು ನಿಂತು, ನಾವು ದಾಟುವವರೆಗೂ ಬಾಲ ಅಲ್ಲಾಡಿಸುತ್ತಲೇ ಇತ್ತು. ನಾವು ದಾಟುವಷ್ಟರಲ್ಲಿ ಅದರ ಊಟದ ಹೊತ್ತು ಕಳೆದುಹೋಗಿತ್ತು. ಗಿರಿಜೆ ಬುತ್ತಿಯಿಂದ ಒಂದು ತುತ್ತು ಎಸೆದಳು.

ಮೂರನೆಯ ದಿನ ನಡುದಾರಿ ಸಿಕ್ಕಿತು. ಪ್ರೇಮ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು, ತಾಯಿಯನ್ನು ಕಂಡು ಅಳತೊಡಗಿದಳು. ಅಪ್ಪಿಯಕ್ಕ ಕಡೆಯುತ್ತಿದ್ದಳು. ತಿನ್ನುವವರು ಯಾರೂ ಇರಲಿಲ್ಲ, ಆದರೂ ಪಾತ್ರೆ ತುಂಬ ಹಿಟ್ಟು.

"ಲೋಡಾ ವಾಮನ?" ಎಂದು ಕೇಳಿದಳು.

"ಲೋಡಲ್ಲ ಅಕ್ಕ. ಒಡಕು ಹಂಚು. ನಿಮ್ಮನ್ನು ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು."

"ನನ್ನನ್ನು ಯಾಕೆ? ಸೊಸೆಯನ್ನು ಕರ್ಕೊಂಡು ಹೋಗಿ. ಬಾಣಂತನ ತವರಿನಲ್ಲೇ ಆಗ್ಬೇಕು, ಅದು ಕ್ರಮ."

"ಇನ್ನು ಈ ದಾರಿಯಲ್ಲಿ ಯಾರೂ ಬರುದಿಲ್ಲ ಅಕ್ಕ. ಎಲ್ಲ ಹಡಗಿನಲ್ಲಿ ಹೋಗ್ತದೆ."

ಅವಳ ಕೈ ನಿಲ್ಲಲಿಲ್ಲ. "ಹಡಗಿನವರಿಗೆ ಹಸಿವೆ ಆಗುದಿಲ್ವಾ?"

"ಆಗ್ತದೆ. ಬೆಳಗ್ಗೆ ಊರಲ್ಲಿ ಉಂಡು ಹೊರಟ್ರೆ ರಾತ್ರಿಗೆ ಪೇಟೆಯಲ್ಲಿ ಉಣ್ತಾರೆ."

ಅವಳು ಕಡೆದ ಹಿಟ್ಟನ್ನು ಬಳಿದು ತೆಗೆದು ದೋಸೆ ಹೊಯ್ದಳು. ನಾವೆಲ್ಲ ಕೂತು ಉಂಡೆವು. ಉಂಡ ಎಲೆ ತೆಗೆಯುವಾಗ, ಯಾರ ಕಡೆಗೂ ನೋಡದೆ, "ಕಲ್ಲು ಬಿಟ್ಟು ನಾನು ಬರುದಿಲ್ಲ" ಎಂದಳು. ಬರುತ್ತೇನೆ ಎಂದಂತೆಯೇ ಅದು. ಉಮಾನಾಥ ಎದ್ದು ಒಳಗೆ ಹೋಗಿ ಸಾಮಾನು ಕಟ್ಟತೊಡಗಿದ.

ಹಂಚು ಬಾವಿಯ ಬದಿಗೆ ಸುರಿದು, ಮನೆ ಹೇರಿದೆವು. ಕಬ್ಬಿಣದ ಪೆಟ್ಟಿಗೆ, ಮಂಚ, ಹೋಟೆಲಿನ ಬೆಂಚುಗಳು, ಹಂಡೆ, ಉಮಾನಾಥನ ಟಯರುಗಳು, ಟ್ಯೂಬು ಬೇಯಿಸುವ ಕಬ್ಬಿಣದ ಯಂತ್ರ. ಹಲಸಿನ ಮರದ ಬಾಗಿಲನ್ನು ಕೀಲಿನಿಂದ ಕಳಚಿ ತಂದ. ಕೊನೆಗೆ ಕಡೆಯುವ ಕಲ್ಲು. ಅದನ್ನು ಎತ್ತಲು ನಾವಿಬ್ಬರೂ ಸಾಲದೆ ಗಿರಿಜೆಯೂ ಕೈ ಕೊಟ್ಟಳು. ಅಪ್ಪಿಯಕ್ಕ ಲಾರಿಯ ಹಿಂದೆ, ಕಲ್ಲಿನ ಪಕ್ಕದಲ್ಲೇ ಕೂತಳು. ಪ್ರೇಮ ನನ್ನ ಬಳಿ, ತಾಯಿಯ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು.

ಹಂಚಿನಷ್ಟಲ್ಲದಿದ್ದರೂ ಮನೆಗೂ ಭಾರ ಇರುತ್ತದೆ. ಒಂದೂವರೆ ದಿನವಾದರೂ ಬೇಕು ಎಂದು ನನ್ನ ಅಂದಾಜು. ಮರುದಿನ ಬಿಸಿಲೇರುವಾಗ, ಶಾಲೆಯ ಅಂಗಳದ ಎದುರು, ಪ್ರೇಮ ಗಿರಿಜೆಯ ಕೈ ಗಟ್ಟಿಯಾಗಿ ಹಿಡಿದಳು.

"ಅಮ್ಮ, ನೋವು."

"ಎಂತ ನೋವು? ಬಂದು ಹೋಗುದಾ, ನಿಲ್ಲುದಾ?"

"ಬಂದು ಹೋಗ್ತದೆ. ಬೇಗ ಬೇಗ ಬರ್ತದೆ."

ಗಿರಿಜೆ ನನ್ನ ಮುಖ ನೋಡಿದಳು. ನಾನು ಆಕ್ಸಿಲರೇಟರ್ ಒತ್ತಿದೆ. ಮುಳ್ಳು ಏರಿತು. ಶಾಲೆಯ ಗೋಡೆ ಅಲ್ಲೇ ಇತ್ತು. ಗೋಡೆಯ ಮೇಲೆ ಯಾರೋ ಬಿಡಿಸಿದ ನವಿಲಿನ ಚಿತ್ರ, ಅದರ ಬಾಲ ಮುಗಿಯುವುದೇ ಇಲ್ಲ. ಹಿಂದಿನಿಂದ ಉಮಾನಾಥ ಕ್ಯಾಬಿನ್ನಿಗೆ ಬಡಿದ.

"ಮಾವ, ನಿಲ್ಲಿಸಿ. ಭಾರ ಇಳಿಸುವ."

ಮೊದಲು ಟಯರುಗಳನ್ನು ಉರುಳಿಸಿದ. ಬೆಂಚುಗಳು ಹೋದವು. ಲಾರಿ ಮುಂದೆ ಹೋಯಿತು, ಶಾಲೆ ಕಳೆಯಿತು. ಪ್ರೇಮ ಕಿರುಚಿದಳು. ಮತ್ತೆ ನಿಲ್ಲಿಸಿದೆ. ಮಂಚ, ಪೆಟ್ಟಿಗೆ, ಹಂಡೆ. ಯಂತ್ರವನ್ನು ಇಳಿಸುವಾಗ ಉಮಾನಾಥ ಅದರ ಹಿಡಿಯನ್ನು ಒಮ್ಮೆ ಒರೆಸಿದ, ಆಮೇಲೆ ಕಾಲಿನಿಂದ ಚರಂಡಿಗೆ ತಳ್ಳಿದ. ಹಲಸಿನ ಬಾಗಿಲನ್ನು ರಸ್ತೆಯ ಬದಿಯ ಗೋಳಿಮರಕ್ಕೆ ಒರಗಿಸಿದೆವು, ಯಾರಾದರೂ ತೆರೆದು ಬರುತ್ತಾರೆ ಎನ್ನುವ ಹಾಗೆ. ಪ್ರತಿ ಸಲ ಲಾರಿ ಹೊರಟಾಗ ದಾರಿ ಸ್ವಲ್ಪ ಓಡುತ್ತಿತ್ತು. ಪ್ರತಿ ಸಲ ಸಾಲುತ್ತಿರಲಿಲ್ಲ.

ಗೇರುಗುಡ್ಡದ ಬುಡಕ್ಕೆ ಬಂದಾಗ ಲಾರಿಯಲ್ಲಿ ಎರಡೇ ಭಾರ ಉಳಿದಿದ್ದವು. ಒಂದು ಪ್ರೇಮಳ ಹೊಟ್ಟೆಯಲ್ಲಿತ್ತು. ಇನ್ನೊಂದರ ಮೇಲೆ ಕೈ ಇಟ್ಟುಕೊಂಡು ಅಪ್ಪಿಯಕ್ಕ ಕೂತಿದ್ದಳು. ಅದನ್ನು ಇಳಿಸು ಎಂದು ಯಾರೂ ಹೇಳಲಿಲ್ಲ. ಉಮಾನಾಥ ತಲೆ ತಗ್ಗಿಸಿ ಕೂತಿದ್ದ. ಗುಡ್ಡ ಕಿಟಕಿಯಲ್ಲಿ ನಿಂತೇ ಇತ್ತು.

"ವಾಮನ, ನಿಲ್ಸು" ಎಂದು ಅವಳೇ ಕೂಗಿದಳು.

ಕಲ್ಲನ್ನು ಇಳಿಸಿದೆವು. ಅದರ ಹಿಂದೆಯೇ ಅವಳೂ ಇಳಿದಳು. ಸೆರಗು ಕೊಡವಿ, ಕಲ್ಲಿನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು.

"ಹತ್ತು ಅಕ್ಕ" ಎಂದೆ.

"ನೀವು ಹೋಗಿ. ನಾನು ಸ್ವಲ್ಪ ಕೂತು ಬರ್ತೇನೆ."

ಉಮಾನಾಥ ಇಳಿಯಹೊರಟ. ಅವಳು ಅವನನ್ನು ಗದರಿದಳು. "ನೀನೆಂತ ಇಳಿಯುದು? ಅಲ್ಲಿ ನಿನ್ನ ಹೆಂಡತಿ ಬೊಬ್ಬೆ ಹಾಕುದು ಕೇಳುದಿಲ್ವಾ? ಹೋಗು!"

ಹೋದೆವು. ಕನ್ನಡಿಯಲ್ಲಿ ಅವಳು ಒಂದು ಕ್ಷಣ ಕಂಡಳು. ಮರುಕ್ಷಣ ಗುಡ್ಡ ಕಳೆದು, ನಮ್ಮೂರಿನ ಚರ್ಚಿನ ಗೋಪುರ ಎದುರಿಗೆ ಬಂತು. ಹೊಟ್ಟೆಯೊಳಗಿನ ಮಗು ಕೇಳಿದಷ್ಟು ದಾರಿಯನ್ನು ಮಾತ್ರ ಮುಗಿಸಿ, ಬಿಸಿಲು ಇಳಿಯುವ ಮೊದಲೇ ಆಸ್ಪತ್ರೆ ಮುಟ್ಟಿದೆವು. ಹೆಣ್ಣು ಮಗು. ಗಿರಿಜೆ ಹೊರಗೆ ಬಂದು ಹೇಳಿದಾಗ ಉಮಾನಾಥ ಗೋಡೆ ಹಿಡಿದು ನಿಂತಿದ್ದ. "ಅಮ್ಮ ಬಂದ್ಲಾ?" ಎಂದು ಮೊದಲು ಕೇಳಿದ.

ಅವಳು ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಉಮಾನಾಥ ಹುಡುಕಿಕೊಂಡು ಹೋದ. ಗಾಬರಿಯಲ್ಲಿ ಕೈಯಲ್ಲಿ ಏನೂ ಹಿಡಿಯದೆ ಹೋಗಿ, ತೆಂಕಣ ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತುಬಿಟ್ಟನಂತೆ. ಎರಡನೆಯ ಸಲ ಹೊಳೆಯ ಹೊಯಿಗೆ ತುಂಬಿದ ಗೋಣಿ ಹೊತ್ತುಕೊಂಡು ಹೋದ. ಬರುವಾಗ ಹೆಗಲು ಕೆಂಪಾಗಿತ್ತು.

"ಇದ್ದಾಳೆ" ಎಂದ. "ಮೂರು ಕಲ್ಲು ಇಟ್ಟು ಒಲೆ ಮಾಡಿದ್ದಾಳೆ. ಮಗು ಹೇಗುಂಟು ಕೇಳಿದ್ಲು. ಬಾ ಅಂದ್ರೆ, ಇದನ್ನು ಒಂದನ್ನೇ ಇಲ್ಲಿ ಬಿಟ್ಟು ಬರ್ಲಿಕ್ಕೆ ಮನಸ್ಸು ಬರುದಿಲ್ಲ ಅಂತಾಳೆ."

"ತಿನ್ಲಿಕ್ಕೆ?"

"ಶಾಲೆಯ ಮಕ್ಕಳು ಅಕ್ಕಿ ತಂದು ಕೊಡ್ತಾರಂತೆ. ಅವಳು ಕಡೆದು ದೋಸೆ ಹೊಯ್ದು ಕೊಡ್ತಾಳಂತೆ."

ಲಾರಿ ಘಟ್ಟ ಹತ್ತಿ ಹೋಯಿತು. ನಾನು ಹಡಗು ಹತ್ತಿದೆ. ಮೊದಲ ದಿನ ಕರುಳೆಲ್ಲ ಬಾಯಿಗೆ ಬರುವಂತೆ ವಾಂತಿ ಮಾಡಿದೆ. ಉಸ್ಮಾನ್ ತಾಂಡೇಲ ಒಣಗಿದ ಮಾವಿನ ಸಿಪ್ಪೆ ಕೊಟ್ಟು ಅಗಿಯಲು ಹೇಳಿದ. ಕೆಲಸ ಹೆಚ್ಚಿಲ್ಲ. ಹಗ್ಗ ಬಿಚ್ಚುವುದು, ಕಟ್ಟುವುದು, ನೀರು ಹೊರಹಾಕುವುದು. ಉಳಿದ ಹೊತ್ತು ಸುಮ್ಮನೆ ಕೂರುವುದು. ಎಷ್ಟು ಹೇರಿದರೂ ಕರಾವಳಿ ಅದೇ ವೇಗದಲ್ಲಿ ಸರಿಯುತ್ತಿತ್ತು. ನನ್ನ ಕಣ್ಣು ಮಾತ್ರ ದಡ ಬಿಡುತ್ತಿರಲಿಲ್ಲ. ಗೇರುಗುಡ್ಡ ದೂರದಲ್ಲಿ ಹೆಬ್ಬೆರಳಿನಷ್ಟು ಕಂಡು, ಒಂದು ಬೀಡಿ ಸೇದುವುದರೊಳಗೆ ಹಿಂದೆ ಹೋಗುತ್ತಿತ್ತು. ಆ ಹೆಬ್ಬೆರಳಿನೊಳಗೆ ಒಬ್ಬ ಹೆಂಗಸು ಒಲೆ ಊದುತ್ತಿದ್ದಾಳೆ ಎಂದು ಯಾರಿಗೆ ಹೇಳುವುದು?

"ಎಂತ ಹುಡುಕುದು ನೀನು?" ತಾಂಡೇಲ ಒಮ್ಮೆ ಕೇಳಿದ.

"ನಮ್ಮ ಸಂಬಂಧಿಕರು ಒಬ್ಬರು ಇದ್ದಾರೆ ಅಲ್ಲಿ."

"ಅಲ್ಲಿ ಮನೆಯೇ ಇಲ್ಲವಲ್ಲ."

"ಇಲ್ಲ" ಎಂದೆ. ಎದ್ದು ನೀರು ಹೊರಹಾಕಲು ಹೋದೆ.

ಮಳೆಗಾಲದ ಮೊದಲ ಮೋಡ ಕಾಣಿಸಿಕೊಂಡ ಒಂದು ಬೆಳಗ್ಗೆ. ಹಡಗಿಗೆ ಆ ವರ್ಷದ ಕೊನೆಯ ಲೋಡು ಏರುತ್ತಿತ್ತು. ನಾನು ಹಗ್ಗ ಸುತ್ತುತ್ತಿದ್ದೆ. ದಕ್ಕೆಯ ತುದಿಯಲ್ಲಿ, ಹಂಚು ಹೊರುವವರ ಸಾಲಿನ ಪಕ್ಕದಲ್ಲಿ, ಅಪ್ಪಿಯಕ್ಕ ನಿಂತಿದ್ದಳು. ಕೈಗಳು ಎರಡೂ ಬದಿಗೆ ಜೋತುಬಿದ್ದಿದ್ದವು. ಅವುಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಾಗದವಳ ಹಾಗೆ ಒಮ್ಮೆ ಸೆರಗಿನೊಳಗೆ ಹಾಕುತ್ತಿದ್ದಳು, ಒಮ್ಮೆ ಹೊರಗೆ ತೆಗೆಯುತ್ತಿದ್ದಳು. ಓಡಿಹೋದೆ.

"ಯಾವಾಗ ಹೊರಟದ್ದು ಅಕ್ಕ?"

"ಈಗ" ಎಂದಳು. "ಶಾಲೆಗೆ ರಜೆ ಕೊಟ್ರು. ಮಕ್ಕಳೂ ಬರುದಿಲ್ಲ. ಬೆಳಗ್ಗೆ ಎದ್ದು ಕಲ್ಲು ತೊಳೆದಿಟ್ಟು ಹೊರಟೆ. ಗುಡ್ಡ ದಾಟಿದ ಕೂಡ್ಲೇ ಊರು." ಅವಳು ತಿರುಗಿ ಬಂದ ದಾರಿಯನ್ನು ನೋಡಿದಳು. ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಸಿಟ್ಟಿತ್ತು. "ಇಷ್ಟೇ ದೂರವಾ ವಾಮನ? ಇಷ್ಟು ಹತ್ತಿರ ಇತ್ತಾ ಇದು, ಇಷ್ಟು ವರ್ಷ?"

ಆ ದಾರಿಯಲ್ಲಿ ಅವಳಿಗಿಂತ ಹೆಚ್ಚು ಸವೆದವನು ನಾನು. ತಾಂಡೇಲನಿಗೆ ಕೈ ಮಾಡಿ, ಅವಳನ್ನು ಕರೆದುಕೊಂಡು ಮನೆಗೆ ನಡೆದೆ. ಅವಳು ಒಂದು ಕಡೆ ನಿಂತು, ಬದಿಯ ಅಂಗಡಿಯಲ್ಲಿ ಕರೆಂಟಿನ ಗ್ರೈಂಡರ್ ತಿರುಗುವುದನ್ನು ನೋಡಿ, ಮುಂದೆ ನಡೆದಳು.

ಅಂಗಳದಲ್ಲಿ ಕಾಲು ತೊಳೆದು ಜಗಲಿಯ ಮೇಲೆ ಕೂತಳು. ಉಮಾನಾಥ ಉಪ್ಪಿನ ಗೋದಾಮಿಗೆ ಕೆಲಸಕ್ಕೆ ಹೋಗಿದ್ದ. ಗಿರಿಜೆ ನೀರು, ಬೆಲ್ಲ ತಂದಿಟ್ಟಳು. ಪ್ರೇಮ ಒಳಗಿನಿಂದ ಬಂದು ಅತ್ತೆಯನ್ನು ಕಂಡು, ಮಗುವನ್ನು ಅವಳ ಕೈಗೆ ಕೊಟ್ಟಳು. ಜೋತುಬಿದ್ದಿದ್ದ ಕೈಗಳು ಎದ್ದವು. ಅಪ್ಪಿಯಕ್ಕ ಮಗುವಿನ ತಲೆಯನ್ನು ಮೊಣಕೈಗೆ ಸರಿಯಾಗಿ ಇಟ್ಟುಕೊಂಡು, ಕಾಲು ಹಿಡಿದು ನೋಡಿದಳು, ಕುತ್ತಿಗೆಯ ಮಡಿಕೆ ಬಿಡಿಸಿ ನೋಡಿದಳು.

"ಮೀಯಿಸುದು ಯಾರು ಇದನ್ನು?" ಎಂದು ಕೇಳಿದಳು.

"ನಾನೇ" ಎಂದಳು ಗಿರಿಜೆ.

"ಕುತ್ತಿಗೆ ಅಡಿಯಲ್ಲಿ ಎಣ್ಣೆ ಜಿಡ್ಡು ಹಾಗೇ ಉಂಟು. ನಾಳೆಯಿಂದ ನಾನು ಮೀಯಿಸ್ತೇನೆ. ನೀರು ಸ್ವಲ್ಪ ಬೇಗ ಕಾಯಿಸಿಡು."

ಗಿರಿಜೆಗೆ ಸಿಟ್ಟು ಬಂದಿರಬೇಕು. ಆದರೂ "ಆಯ್ತು" ಎಂದು ಒಳಗೆ ಹೋದಳು. ದಕ್ಕೆಯ ಕಡೆಯಿಂದ ಹಡಗಿನ ಕೂಗು ಕೇಳಿಸಿತು. ನಾನು ಎದ್ದು ಟವಲು ಹೆಗಲಿಗೆ ಹಾಕಿಕೊಂಡೆ. ಅಪ್ಪಿಯಕ್ಕ ಮಗುವಿನಿಂದ ಕಣ್ಣು ತೆಗೆಯದೆಯೇ, "ಉಂಡು ಹೋಗು ವಾಮನ" ಎಂದಳು. ನಾನು ಮತ್ತೆ ಕೂತೆ.